‘ಡ್ರಾಪ್ ಒಂದೇ ಸಾಕು’ ಎಂಬ ನನ್ನ ಟಿಪ್ಪಣಿ ತಪ್ಪು

ಉಡುಪಿಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿಗೆ ನಾನು ಹಾಕಿದ್ದ ಟಿಪ್ಪಣಿಯೊಂದು ಈಗ ಮಂಗಳೂರಿನ ಗುಂಪುಗಳಲ್ಲೂ ಹರಿದಾಡುತ್ತಿದೆ. ವೆಬ್ ಪುಟದಲ್ಲಿ ಎಳೆದು ತಂದದ್ದನ್ನು ಸ್ವೀಕರಿಸಲು ಡ್ರಾಪ್ ಈವೆಂಟ್ (ಎಳೆದದ್ದನ್ನು ಬಿಟ್ಟಾಗ ಬ್ರೌಸರ್ ನಮ್ಮ ಕೋಡ್‌ಗೆ ಕೊಡುವ ಸೂಚನೆ) ಒಂದನ್ನೇ ನಿಭಾಯಿಸಿದರೆ ಸಾಕು ಎಂದು ಅದರಲ್ಲಿ ಬರೆದಿದ್ದೆ. ಅದು ತಪ್ಪು.

ಪುಟದ ಬಹುತೇಕ ಭಾಗಗಳಲ್ಲಿ ಏನನ್ನಾದರೂ ಬಿಡಲು ಬ್ರೌಸರ್ ತಾನಾಗಿ ಅವಕಾಶ ಕೊಡುವುದಿಲ್ಲ. ಎಳೆದ ವಸ್ತು, ಅದನ್ನು ಸ್ವೀಕರಿಸಬೇಕಾದ ನಿಮ್ಮ ಚೌಕದ ಮೇಲಿರುವಷ್ಟು ಹೊತ್ತು ಡ್ರ್ಯಾಗ್‌ಓವರ್ ಈವೆಂಟ್ ಮತ್ತೆ ಮತ್ತೆ ಬರುತ್ತದೆ. ಅಲ್ಲಿ, ಬ್ರೌಸರ್ ತಾನಾಗಿ ಮಾಡುವ ಕೆಲಸವನ್ನು ತಡೆಯುವ ಪ್ರಿವೆಂಟ್‌ಡಿಫಾಲ್ಟ್ ಎಂಬ ಆದೇಶವನ್ನು ಕರೆಯದಿದ್ದರೆ ಡ್ರಾಪ್ ಈವೆಂಟ್ ಹುಟ್ಟುವುದೇ ಇಲ್ಲ. ಅದಕ್ಕೆಂದು ಬರೆದ ಕೋಡ್ ಎಷ್ಟೇ ಸರಿಯಿದ್ದರೂ ಓಡುವುದಿಲ್ಲ. ಇದು ಯಾವುದೋ ಒಂದು ಬ್ರೌಸರ್‌ನ ದೋಷವಲ್ಲ, ವೆಬ್ ಪುಟಗಳನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ಮಾನದಂಡದಲ್ಲೇ ಇರುವ ನಿಯಮ. ನಾನು ಪರೀಕ್ಷಿಸಿದ್ದು ಪಠ್ಯ ತುಂಬುವ ಪೆಟ್ಟಿಗೆಯಲ್ಲಿ. ಎಳೆದು ತಂದ ಪಠ್ಯವನ್ನು ಅದು ತಾನಾಗಿಯೇ ಸ್ವೀಕರಿಸುತ್ತದೆ, ಹಾಗಾಗಿ ತಪ್ಪು ಕಣ್ಣಿಗೆ ಬೀಳಲಿಲ್ಲ.

ಡ್ರಾಪ್‌ನಲ್ಲೂ ಪ್ರಿವೆಂಟ್‌ಡಿಫಾಲ್ಟ್ ಬೇಕು. ಇಲ್ಲವಾದರೆ, ಬಿಟ್ಟ ಚಿತ್ರದ ಫೈಲನ್ನು ಬ್ರೌಸರ್ ತಾನೇ ತೆರೆದು ನಿಮ್ಮ ಪುಟವೇ ಮರೆಯಾಗಬಹುದು. ಅರ್ಧ ತುಂಬಿದ ಅರ್ಜಿ ಹೀಗೆ ಹೋದರೆ ಬಳಸುವವರಿಗೆ ನಿಜವಾದ ನಷ್ಟ.

ಹಳೆಯ ಟಿಪ್ಪಣಿಯನ್ನು ದಯವಿಟ್ಟು ಇನ್ನು ಮುಂದೆ ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಇದನ್ನೂ ತಲುಪಿಸಿ.