ಕೊಲೊರಾಡೊದ ರಿಪೇರಿ ಕಾನೂನು ನಮ್ಮಲ್ಲೂ ಬರಬೇಕು

ಇಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಪೂರ್ವ ಬಯಲಲ್ಲಿ ಜುಲೈ ಅಂದರೆ ಗೋಧಿ ಕೊಯ್ಲು. ಆಲಿಕಲ್ಲು ಬೀಳುವ ಕಾಲವೂ ಅದೇ. 2022ರಲ್ಲಿ ಪರಿಚಯದ ರೈತರೊಬ್ಬರ ಕಂಬೈನ್ ಅನ್ನೋ ಕೊಯ್ಲು ಯಂತ್ರ ಕೊಯ್ಲಿನ ನಡುವೆ ಶಕ್ತಿ ಕಳೆದುಕೊಂಡು ತೆವಳೋಕೆ ಶುರು ಮಾಡಿತು. ಪರದೆ ಮೇಲೆ ಒಂದು ಎರರ್ ಕೋಡ್, ಅಷ್ಟೇ. ಹೊಗೆ ಶುದ್ಧ ಮಾಡುವ ಭಾಗದ ಸೆನ್ಸರ್ ಹೋಗಿದೆ ಅಂತ ಅವರೇ ಕಂಡುಹಿಡಿದರು, ಹೊಸದು ತಂದು ಅವರೇ ಕೂರಿಸಿದರು, ಆದರೂ ಗಾಡಿ ಮೇಲೇಳಲಿಲ್ಲ. ಯಾಕಂದ್ರೆ ಆ ಹೊಸ ಸೆನ್ಸರನ್ನು ಎಂಜಿನ್ನಿನ ಕಂಪ್ಯೂಟರ್ ಒಪ್ಪಬೇಕಾದರೆ ಡೀಲರ್ ಕಡೆಯವರು ಲ್ಯಾಪ್‌ಟಾಪ್ ತಂದು ಜೋಡಿಸಬೇಕಿತ್ತು. ಎರಡು ದಿನ ಕಾದರು. ಮೋಡ ಕಟ್ಟಿದಾಗಲೆಲ್ಲ ಅವರ ಮುಖ ನೋಡೋಕೆ ಆಗುತ್ತಿರಲಿಲ್ಲ.

2023ರ ಏಪ್ರಿಲ್‌ನಲ್ಲಿ ಗವರ್ನರ್ ಜೇರೆಡ್ ಪೋಲಿಸ್ ಕೃಷಿ ಯಂತ್ರಗಳ ರಿಪೇರಿ ಹಕ್ಕಿನ ಮಸೂದೆಗೆ ಸಹಿ ಹಾಕಿದರು. ಅಮೆರಿಕದಲ್ಲಿ ಇಂಥ ಕಾನೂನು ಮಾಡಿದ ಮೊದಲ ರಾಜ್ಯ ಇದು. 2024ರ ಜನವರಿ 1ರಿಂದ ಜಾರಿಯಲ್ಲಿದೆ. ಬಿಡಿಭಾಗ, ಮ್ಯಾನುಯಲ್, ಉಪಕರಣ, ಸಾಫ್ಟ್‌ವೇರ್ ಎಲ್ಲವನ್ನೂ ಯಂತ್ರದ ಮಾಲೀಕರಿಗೂ ಹೊರಗಿನ ಮೆಕ್ಯಾನಿಕ್‌ಗಳಿಗೂ ಕಂಪನಿ ಕೊಡಲೇಬೇಕು.

ಮಸೂದೆಗೆ ಸಹಿ ಬೀಳುವ ಮುಂಚೆ, 2023ರ ಜನವರಿಯಲ್ಲೇ, ಟ್ರ್ಯಾಕ್ಟರ್ ತಯಾರಿಸುವ ಜಾನ್ ಡಿಯರ್ ಕಂಪನಿ ಮತ್ತು ರೈತರ ಸಂಘಟನೆಯಾದ ಅಮೆರಿಕನ್ ಫಾರ್ಮ್ ಬ್ಯೂರೋ ಒಂದು ಒಪ್ಪಂದ ಮಾಡಿಕೊಂಡಿದ್ದವು. ರಿಪೇರಿಗೆ ಬೇಕಾದ್ದನ್ನು ಕೊಡುತ್ತೇವೆ, ನೀವು ರಾಜ್ಯಗಳ ಕಾನೂನಿಗೆ ಬೆಂಬಲ ಕೊಡಬೇಡಿ ಅನ್ನೋದು ಅದರ ತಿರುಳು. ಅದನ್ನೇ ನಂಬಿ ಕೂರದೆ ಕೊಲೊರಾಡೊ ಕಾನೂನು ಮಾಡಿದ್ದು ಸರಿ. ಮಾತು ಕೊಟ್ಟವರು ತಪ್ಪಿದರೆ ರೈತ ಹೋಗಿ ಕೇಳೋಕೆ ಒಂದು ಜಾಗ ಬೇಕು, ಅಲ್ವಾ?

ಭಾರತದಲ್ಲಿ 2022ರ ಜುಲೈನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿಗೆ ಸಮಿತಿ ಮಾಡಿತು, ಕೃಷಿ ಯಂತ್ರಗಳನ್ನೂ ಪಟ್ಟಿಯಲ್ಲಿ ಸೇರಿಸಿತು. ಡಿಸೆಂಬರ್‌ನಲ್ಲಿ ಒಂದು ಪೋರ್ಟಲ್ ಬಂತು. ಒಳ್ಳೆಯದೇ. ಆದರೆ ಅದರಲ್ಲಿ ಸಿಗೋದು ಕಂಪನಿ ತಾನಾಗಿ ಹಾಕಿದ ಮಾಹಿತಿ ಮಾತ್ರ.

ನಮ್ಮ ಟ್ರ್ಯಾಕ್ಟರ್‌ಗಳನ್ನು ಹಳ್ಳಿ ಮೆಕ್ಯಾನಿಕ್ ಮರದ ನೆರಳಲ್ಲೇ ಬಿಚ್ಚಿ ಜೋಡಿಸುತ್ತಾನೆ, ಅಮೆರಿಕದ ತೊಂದರೆ ನಮಗಿಲ್ಲ ಅಂತ ಊರಿನವರು ಹೇಳುತ್ತಾರೆ. ಹಳೆಯ ಗಾಡಿಗಳಿಗೆ ಆ ಮಾತು ನಿಜ. ಆದರೆ 2023ರ ಜನವರಿಯಿಂದ 50 ಎಚ್‌ಪಿಗಿಂತ ಜಾಸ್ತಿ ಇರುವ ಹೊಸ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್ 4 ಹೊಗೆ ನಿಯಮ ಬಂದಿದೆ. ಅದರ ಜೊತೆಗೆ ಡೀಸೆಲ್ ಎಷ್ಟು, ಯಾವಾಗ ಹೋಗಬೇಕು ಅಂತ ಕಂಪ್ಯೂಟರೇ ತೀರ್ಮಾನಿಸುವ ಕಾಮನ್ ರೈಲ್ ಎಂಜಿನ್‌ಗಳೂ ಬಂದಿವೆ. ಹೊಗೆ ನಿಯಮ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಕೊಲೊರಾಡೊ ಕಾನೂನೂ ಹೊಗೆ ನಿಯಂತ್ರಣ ಕಿತ್ತುಹಾಕೋಕೆ ಬಿಡುವುದಿಲ್ಲ. ನಾನು ಕೇಳುತ್ತಿರುವುದು ಇಷ್ಟೇ: ಆ ಮೆಕ್ಯಾನಿಕ್ ಹಾಕಿದ ಸೆನ್ಸರನ್ನು ಎಂಜಿನ್ ಒಪ್ಪುವಂತೆ ಮಾಡುವ ಸಾಫ್ಟ್‌ವೇರ್ ಅವನಿಗೂ ಸಿಗಬೇಕು, ಪೋರ್ಟಲ್ಲಿನ ಮಾಹಿತಿಯಾಗಿ ಅಲ್ಲ, ಕಾನೂನಿನ ಹಕ್ಕಾಗಿ.