ಲ್ಯಾಪ್‌ಟಾಪಿಗೊಂದು ದಿನಸಿ ಚೀಟಿ

ಸತ್ಯನಾರಾಯಣ ಪೂಜೆಯ ಸಾಮಾನಿನ ಪಟ್ಟಿಯನ್ನು ಪುರೋಹಿತರು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದರು. "ದಪ್ಪ ಅಕ್ಷರದಲ್ಲಿ ಒಂದು ಪ್ರಿಂಟ್ ತೆಗೆದುಕೊಡೋ, ಅಂಗಡಿಗೆ ಕೊಡಬೇಕು" ಅಂದಳು ಅಮ್ಮ. ಲ್ಯಾಪ್‌ಟಾಪ್ ತೆರೆದೆ. ಪರದೆ ತುಂಬ ಬರೀ ಖಾಲಿ ಚೌಕಗಳು.

"ಇದೇನೋ, ಚೌಕಾಬಾರದ ಮಣೆ?"

ತಪ್ಪು ನನ್ನದೇ. ಹಿಂದಿನ ವಾರವಷ್ಟೇ ನಿಕ್ಸ್‌ಓಎಸ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡಿದ್ದೆ. ಅದರ ಬೇರಾದ, ಸಾಫ್ಟ್‌ವೇರ್ ಜೋಡಿಸಿಕೊಡುವ ನಿಕ್ಸ್, 2006ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಎಲ್ಕೊ ಡೋಲ್ಸ್ಟ್ರಾ ಎಂಬುವರಿಗೆ ಪಿಎಚ್.ಡಿ. ತಂದುಕೊಟ್ಟ ಸರಕು, ನನಗೆ ತಂದದ್ದು ಅಮ್ಮನ ಬೈಗುಳ. ಇದರಲ್ಲಿ ಒಂದೊಂದೇ ಸಾಫ್ಟ್‌ವೇರ್ ಹಾಕುತ್ತ ಕೂರಬೇಕಿಲ್ಲ. ಏನೇನು ಬೇಕೆಂದು 'ಕಾನ್ಫಿಗರೇಶನ್ ಡಾಟ್ ನಿಕ್ಸ್' ಫೈಲಿನಲ್ಲಿ ದಿನಸಿ ಚೀಟಿಯ ಹಾಗೆ ಬರೆದಿಟ್ಟರೆ, ಅದೇ ಜೋಡಿಸಿಕೊಡುತ್ತದೆ. ಸಿಸ್ಟಮ್ ಹಗುರವಾಗಿರಲಿ ಅಂತ ಡೀಫಾಲ್ಟ್ ಫಾಂಟ್‌ಗಳಿಗೆ 'ಫಾಲ್ಸ್' ಎಂದು ಬರೆದು, ಕೋಡ್ ಬರೆಯಲು ಚೆಂದದ ಇಂಗ್ಲಿಷ್ ಫಾಂಟ್ ಒಂದನ್ನು ಮಾತ್ರ ಸೇರಿಸಿದ್ದೆ. ಕನ್ನಡ ಬೇಕು ಅಂತ ಕನ್ನಡಿಗನೇ ಬರೆಯದಿದ್ದರೆ ಅದಕ್ಕೇನು ಕನಸು ಬೀಳುತ್ತದೆಯೇ?

ಏನಾದರೂ ಕೆಟ್ಟರೆ ಬೂಟ್ ಮೆನುವಿನಲ್ಲಿ ಹಳೇ ಜನರೇಶನ್, ಅಂದರೆ ಬದಲಾಯಿಸುವ ಮುಂಚಿನ ಸಿಸ್ಟಮ್, ಆರಿಸಿ ಹಿಂದಕ್ಕೆ ಹೋಗಬಹುದು ಅಂತ ಗೆಳೆಯರ ಮುಂದೆ ಕೊಚ್ಚಿಕೊಂಡಿದ್ದೆ. ಹನ್ನೊಂದು ತಲೆಮಾರು ಹಿಂದಕ್ಕೆ ಹೋದರೂ ಕನ್ನಡ ಬಲ್ಲ ಒಬ್ಬ ಪೂರ್ವಜನೂ ಸಿಗಲಿಲ್ಲ.

ಸರಿ, 'ಫಾಂಟ್ಸ್ ಡಾಟ್ ನಿಕ್ಸ್' ಎಂಬ ಹೊಸ ಫೈಲ್ ಮಾಡಿ, ಕನ್ನಡವಿರುವ ನೋಟೊ ಫಾಂಟ್ ಸೇರಿಸಿ, ಸಿಸ್ಟಮ್ ಹೊಸದಾಗಿ ಜೋಡಿಸಲು ರೀಬಿಲ್ಡ್ ಕೊಟ್ಟೆ. ಸೆಮಿಕೋಲನ್ ಇಲ್ಲ ಎಂದಿತು. ಹಾಕಿದೆ. ಈಗ ಫೈಲೇ ಇಲ್ಲ ಎಂದಿತು. ಕಣ್ಣೆದುರಿಗೇ ಇದೆಯಲ್ಲ ಮಾರಾಯ! ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ನನ್ನದು ಫೈಲುಗಳ ಬದಲಾವಣೆಯ ಲೆಕ್ಕವಿಡುವ ಗಿಟ್‌ನಲ್ಲಿಟ್ಟ ಫ್ಲೇಕ್ (ನಿಕ್ಸ್ ಫೈಲುಗಳ ಕಟ್ಟು), ಗಿಟ್‌ಗೆ ಸೇರಿಸದ ಫೈಲು ರೇಷನ್ ಕಾರ್ಡಿನಲ್ಲಿ ಹೆಸರಿಲ್ಲದ ಮಗುವಿನಂತೆ, ಮನೆಯಲ್ಲಿದ್ದರೂ ಲೆಕ್ಕಕ್ಕಿಲ್ಲ. ಗಿಟ್ ಆ್ಯಡ್ ಮಾಡಿದೆ.

ಚೌಕಗಳು ಕರಗಿ 'ಅರಿಶಿನ, ಕುಂಕುಮ, ವೀಳ್ಯದೆಲೆ 25' ಅಂತ ಮೂಡಿದಾಗ ನನಗೇ ಪಿಎಚ್.ಡಿ. ಬಂದಷ್ಟು ಖುಷಿ. ಪ್ರಿಂಟ್ ಒತ್ತಿದೆ. ಪ್ರಿಂಟರೇ ಇಲ್ಲ! ಪ್ರಿಂಟಿಂಗ್ ಬೇಕು ಅಂತಲೂ ನಾನು ಬರೆದಿರಲಿಲ್ಲ.

ಮತ್ತೆ ಚೀಟಿ ತಿದ್ದಲು ಕೂತಾಗ ಅಮ್ಮ ಚೀಲ ಹೊತ್ತು ಒಳಗೆ ಬಂದಳು. ಕ್ಯಾಲೆಂಡರಿನ ಹಳೇ ಹಾಳೆಯ ಹಿಂದೆ ತಾನೇ ಬರೆದುಕೊಂಡು ಹೋಗಿ ಸಾಮಾನೆಲ್ಲ ತಂದಾಗಿತ್ತು.

"ಕರ್ಪೂರ ಬರೆಯೋದೇ ಮರೆತಿದ್ದೆ ಕಣೋ. ಪೂಜೆ ಅಂದಮೇಲೆ ಬೇಕಲ್ಲಮ್ಮಾ ಅಂತ ಅಂಗಡಿಯವರೇ ಹಾಕಿಕೊಟ್ರು."