ಗಿಬ್ಬನ್ಸ್‌ಗೆ ಹೆಸರುಂಟು, ಗುಡಿಗಾರರಿಗೆ?

ಇಂಗ್ಲೆಂಡಿನ ಹಳೇ ಬಂಗಲೆಗಳಲ್ಲಿ ಒಂದು ಚಾಳಿ ಇದೆ. ಮರದ ಕೆತ್ತನೆ ಸ್ವಲ್ಪ ಚೆನ್ನಾಗಿದ್ದರೆ ಸಾಕು, ಇದು ಗ್ರಿನ್ಲಿಂಗ್ ಗಿಬ್ಬನ್ಸ್ ಕೆಲಸ ಅಂದುಬಿಡುತ್ತಾರೆ. ನಮ್ಮಲ್ಲಿ ಹಳೇ ದೇವಸ್ಥಾನ ಕಂಡ ಕೂಡಲೇ ಜಕಣಾಚಾರಿ ಅನ್ನೋ ಹಾಗೆ. ವ್ಯತ್ಯಾಸ ಏನಂದರೆ, ಜಕಣಾಚಾರಿ ಇದ್ದನೋ ಇಲ್ಲವೋ ಅಂತ ನಾವಿನ್ನೂ ಜಗಳ ಆಡ್ತಿದ್ದೀವಿ, ಗಿಬ್ಬನ್ಸ್ ಮಾತ್ರ ಅರಮನೆಯ ಲೆಕ್ಕದ ಪುಸ್ತಕದಲ್ಲೇ ಸಿಗ್ತಾನೆ.

ಅವನು ಹುಟ್ಟಿದ್ದು 1648ರಲ್ಲಿ, ರಾಟರ್‌ಡ್ಯಾಮಿನಲ್ಲಿ. 1671ರಲ್ಲಿ ಲಂಡನ್ ಹತ್ತಿರದ ಡೆಟ್‌ಫರ್ಡ್‌ನಲ್ಲಿ ಒಂದು ಸಣ್ಣ ಮನೆಯೊಳಗೆ ಕೂತು, ಇಟಲಿಯ ಚಿತ್ರಕಾರ ಟಿಂಟೊರೆಟ್ಟೊ ಬರೆದ ಏಸುವಿನ ಶಿಲುಬೆಯ ಚಿತ್ರವನ್ನು ಮರದಲ್ಲಿ ಕೆತ್ತುತ್ತಿದ್ದ. ನೂರಕ್ಕೂ ಜಾಸ್ತಿ ಆಕೃತಿಗಳು. ಜಾನ್ ಎವೆಲಿನ್ ಅನ್ನೋ ಶ್ರೀಮಂತ ಕಿಟಕಿಯಲ್ಲಿ ಇಣುಕಿ ನೋಡಿ ದಂಗಾದ. ಬೆಲೆ ಕೇಳಿದರೆ ನೂರು ಪೌಂಡ್. ಚೌಕಟ್ಟಿಗೇ ಅಷ್ಟು ಕೊಡಬಹುದು ಅಂತ ದಿನಚರಿಯಲ್ಲಿ ಬರೆದುಕೊಂಡ, ಕೆಲಸವನ್ನು ಎರಡನೇ ಚಾರ್ಲ್ಸ್ ದೊರೆಗೂ ತೋರಿಸಿದ. ದೊರೆಗೆ ಹಿಡಿಸಿತು. ಆದರೆ ರಾಣಿಯ ಹತ್ತಿರ ಸಾಮಾನು ಮಾರಲು ಬರುತ್ತಿದ್ದ ಒಬ್ಬ ಫ್ರೆಂಚ್ ಹೆಂಗಸು ಅದರಲ್ಲಿ ಏನೋ ಹುಳುಕು ತೆಗೆದಳಂತೆ, ವ್ಯಾಪಾರ ಕುದುರಲಿಲ್ಲ. ಆದರೂ ಗಿಬ್ಬನ್ಸ್ ಬೆಳೆದ. ವಿಂಡ್ಸರ್, ಹ್ಯಾಂಪ್ಟನ್ ಕೋರ್ಟ್ ಅರಮನೆಗಳು, ಸೇಂಟ್ ಪಾಲ್ಸ್ ಚರ್ಚು ಎಲ್ಲ ಕಡೆ ಅವನ ಉಳಿ ಓಡಾಡಿತು.

ಅವನ ಕೈಚಳಕ ನೋಡಬೇಕು ಅಂದರೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಹೋಗಿ. ಅಲ್ಲಿ ಕೊರಳಿಗೆ ಕಟ್ಟೋ ಲೇಸಿನ ಪಟ್ಟಿಯೊಂದಿದೆ, ಪೂರ್ತಿ ಮರದ್ದು. ದಾರದ ಹೂವು, ನಡುವಿನ ತೂತು, ಬಟ್ಟೆಯ ನೆರಿಗೆ, ಎಲ್ಲವೂ ಲಿಂಡನ್ ಜಾತಿಯ ಮೆತ್ತನೆ ಮರದಲ್ಲಿ. 1769ರಲ್ಲಿ ಹೊರೇಸ್ ವಾಲ್ಪೋಲ್ ಅನ್ನೋ ರಸಿಕ ಇದನ್ನೇ ಕೊರಳಿಗೆ ಕಟ್ಟಿಕೊಂಡು ವಿದೇಶಿ ಅತಿಥಿಗಳನ್ನು ಎದುರುಗೊಂಡ. ಜೊತೆಗೆ ಬಂದಿದ್ದ ಫ್ರೆಂಚ್ ಆಳುಗಳು, ಇಂಗ್ಲಿಷರ ಉಡುಪೇ ಹೀಗಿರಬೇಕು ಅಂತ ನಂಬಿಬಿಟ್ಟರಂತೆ!

ಆದರೆ ಅವನ ಹೆಸರಲ್ಲಿ ಇರೋದೆಲ್ಲ ಅವನೊಬ್ಬನ ಕೈಯದಲ್ಲ. ದೊಡ್ಡ ಕಾರ್ಖಾನೆ, ತುಂಬಾ ಜನ. ಕಂಚು, ಅಮೃತಶಿಲೆಯ ಆಳೆತ್ತರದ ಮೂರ್ತಿ ಅಂದರೆ ಅವನ ಕೈ ಅಷ್ಟು ಪಳಗಿರಲಿಲ್ಲ, ಆರ್ನಲ್ಡ್ ಕ್ವೆಲಿನ್ ಥರದ ಶಿಲ್ಪಿಗಳು ಆ ಭಾರ ಹೊತ್ತರು. ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿರೋ ಎರಡನೇ ಜೇಮ್ಸ್ ದೊರೆಯ ಮೂರ್ತಿಗೂ ಗಿಬ್ಬನ್ಸ್ ಹೆಸರೇ ಅಂಟಿದೆ. ಹೆಸರು ಯಜಮಾನನಿಗೆ, ಬೆವರು ಆಳಿಗೆ, ಇದರಲ್ಲಿ ಬ್ರಿಟಿಷರೇನೂ ನಮಗಿಂತ ಮೇಲಲ್ಲ.

ಆದರೂ ಒಂದು ಹೆಸರಾದರೂ ಉಳಿಸಿಕೊಂಡರಲ್ವಾ? ಸಾಗರ, ಸೊರಬದಲ್ಲಿ ಮರ ಕೆತ್ತೋ ಕಸುಬಿನ ಗುಡಿಗಾರರ ಗಂಧದ ಪೆಟ್ಟಿಗೆ ಹಿಡಿದು ನೋಡಿ. ಬೆರಳಿನಷ್ಟು ಜಾಗದಲ್ಲಿ ಆನೆ, ಜಿಂಕೆ, ಬಳ್ಳಿ, ಎಲೆಯ ಸಂದಿಯಲ್ಲಿ ಇನ್ನೊಂದು ಎಲೆ. ಅದೇ ಮನೆತನದವರು ಮದುವೆಗೆ ಬೆಂಡಿನ ಬಾಸಿಂಗವನ್ನೂ ಮಾಡಿಕೊಟ್ಟವರು. ಗಿಬ್ಬನ್ಸ್ ಹೂಗೊಂಚಲಿನ ಪಕ್ಕದಲ್ಲಿಟ್ಟರೆ ಈ ಕೆಲಸ ಒಂದು ಕೂದಲಷ್ಟೂ ಕಮ್ಮಿ ಅಲ್ಲ ಅನ್ನೋದು ನನ್ನ ವಾದ. ಆದರೆ ಊರಿಗೆ ಬಂದಾಗ ಅಂಗಡಿಯಲ್ಲಿ ಯಾರು ಕೆತ್ತಿದ್ದು ಅಂತ ಕೇಳಿದರೆ, ‘ಅಸಲಿ ಗಂಧ ಸಾರ್, ಮೂಸಿ ನೋಡಿ’ ಅಂತಾರೆ. ಮರಕ್ಕೆ ಗ್ಯಾರಂಟಿ ಚೀಟಿ ಉಂಟು, ಮನುಷ್ಯನಿಗೆ ಇಲ್ಲ.

ಇದು ನಮ್ಮ ಸಂಪ್ರದಾಯ, ಕಲಾವಿದ ಹೆಸರು ಬಯಸುತ್ತಿರಲಿಲ್ಲ ಅಂತ ಇಲ್ಲಿ ವಿದೇಶದಲ್ಲಿರೋ ಕನ್ನಡ ಗೆಳೆಯರು ಸುಮ್ನೆ ವಾದ ಹೂಡುತ್ತಾರೆ. ಹಾಗಾದರೆ ಬೇಲೂರಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೂರ್ತಿಯ ಬುಡದಲ್ಲಿ ಹೆಸರು ಕೊರೆದದ್ದು ಯಾಕೆ? ಸೋಮನಾಥಪುರದ ಮಲ್ಲಿತಮ್ಮ ಯಾಕೆ ಸಹಿ ಹಾಕಿದ? ಅವರಿಗೆ ಹೆಸರು ಬೇಕಿತ್ತು. ಬೇಡ ಅಂದದ್ದು ಆಮೇಲೆ ಬಂದ ನಾವು, ಅಂಗಡಿಯವರೂ ಸೇರಿ. ಮುಂದಿನ ಸಲ ವಿದೇಶಕ್ಕೆ ಗಂಧದ ಗಣಪತಿ ಕಟ್ಟಿಸಿಕೊಂಡು ಬರುವವರು ಬಿಲ್ಲಿನ ಹಿಂಭಾಗದಲ್ಲಾದರೂ ಕೆತ್ತಿದವನ ಹೆಸರು, ಊರು ಬರೆಸಿಕೊಳ್ಳಿ. ಗೊತ್ತಿಲ್ಲ ಅಂದರೆ ಇನ್ನೊಂದು ಅಂಗಡಿಗೆ ಹೋಗಿ.